ನರಸಿಂಗನ ಫಿಯಟ್ಟು ಕುಣಿಯುವುದನ್ನು ಬಿಟ್ಟಿದ್ದು

"ನಾ ಬಸ್ಸಿಗೇ ಹೋಗ್ತೇನ್ರಿ. ತೊಟ್ಟಿಲ ಕಾರ್ಯಾಕ್ಕ ತೊಟ್ಟಿಲದಾಗ ಕೂತು ಹೋಗಬೇಕೇನು?"

ದ್ರೌಪತಿ ಹೀಗೆಂದಾಗ ಅವಳ ಗಂಡ, ಬಸವಕಲ್ಯಾಣದ ಫೋಟೊ ಸ್ಟುಡಿಯೊ ನರಸಿಂಗ, ತನ್ನ ಹಳೆಯ ಫಿಯಟ್ ಕಾರನ್ನು ಒರೆಸುತ್ತಿದ್ದ. ಸಂಜೆ ಮಾಣಿಕನಗರದಲ್ಲಿ ಅವಳ ಅಣ್ಣನ ಮೊಮ್ಮಗನ ತೊಟ್ಟಿಲು. ಕಾರಿನ ಶಾಕ್ ಅಬ್ಸಾರ್ಬರುಗಳೋ ಪೂರ್ತಿ ಸತ್ತಿದ್ದವು. ಒಂದು ಗುಂಡಿಗೆ ಬಿದ್ದರೆ ಮುಂದಿನ ಗುಂಡಿ ಬರುವವರೆಗೂ ಕಾರು ಕುಣಿಯುತ್ತಿತ್ತು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ತವರಿನವರ ಮುಂದೆ ಇಳಿಸಬೇಕೆಂಬುದು ನರಸಿಂಗನ ಬಹಳ ದಿನದ ಆಸೆ. ಇವತ್ತು ಅದನ್ನು ತೀರಿಸಿಯೇ ಸೈ ಎಂದು ಹಟ ತೊಟ್ಟ.

ಪುಣೆಯಿಂದ ತರಿಸಿದ್ದ ಹೊಸ ಶಾಕ್ ಅಬ್ಸಾರ್ಬರುಗಳು ಮಂಚದ ಕೆಳಗಿಂದ ಹೊರಬಂದವು. ಮೆಕ್ಯಾನಿಕ್ ಇರ್ಫಾನ ಜಾಕ್ ಹಚ್ಚಿದ. ಪಕ್ಕದ ಮನೆಯ ರಿಟೈರ್ಡ್ ಬಸ್ ಕಂಡಕ್ಟರ್ ನಾಗನಾಥ ಯಾರೂ ಕರೆಯದಿದ್ದರೂ ಕುರ್ಚಿ ಹಾಕಿಕೊಂಡು ಕೂತ.

"ಎಣ್ಣಿ ಬಿಡ್ರಿ. ಹೊಡೀರಿ. ಇನ್ನೂ ಜೋರಾಗಿ!"

ತುಕ್ಕು ಹಿಡಿದ ಬೋಲ್ಟು ಜಗ್ಗಲಿಲ್ಲ. ನರಸಿಂಗ ಬೋಲ್ಟು ಬಿಚ್ಚುವ ಪಾನಾಕ್ಕೆ ಪೈಪು ಸಿಕ್ಕಿಸಿ ಉಸಿರು ಬಿಗಿಹಿಡಿದು ಎಳೆದ. ಬೋಲ್ಟು ಬಿಟ್ಟಿತು, ಅವನು ಹಿಂದಿದ್ದ ನೀರಿನ ಬಕೀಟಿನಲ್ಲಿ ಕೂತ. ಎದ್ದು ಮತ್ತೊಂದು ಬೋಲ್ಟಿಗೆ ಕೈ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಇರ್ಫಾನ ಬಾನೆಟ್ ಒತ್ತಿ ಬಿಟ್ಟ. ಕಾರು ಒಮ್ಮೆ ಎದ್ದು ಸುಮ್ಮನೆ ನಿಂತಿತು. ಓಣಿಯವರೆಲ್ಲ ಸರದಿಯಲ್ಲಿ ಒತ್ತಿ ನೋಡಿದರು. ದ್ರೌಪತಿಯೂ ಒತ್ತಿದಳು, ನಕ್ಕಳು.

"ಖಾಲಿ ಗಾಡಿ ಎಲ್ಲಾ ಚಲೋನೇ. ಲೋಡ್ ಹಾಕಿ ನೋಡಬೇಕು," ಎಂದ ನಾಗನಾಥ.

"ಟ್ರಯಲ್ ಮುಗಿಯೋತನಾ ಸ್ಟೇರಿಂಗ್ ನನ್ನ ಕೈಯಾಗ ಇರಬೇಕ್ರಿ. ನಟ್ಟು ಸಡಲಿದ್ರ ಸಪ್ಪಳದಾಗೇ ತಿಳೀತದ," ಎಂದ ಇರ್ಫಾನ.

ಒಂದು ಸುತ್ತು ತಾನೇ ಎಂದು ನರಸಿಂಗ ಗ್ರೀಸ್ ತೊಳೆಯಲು ಒಳಗೆ ಹೋದ. ನಾಗನಾಥ ದ್ರೌಪತಿಯನ್ನು ಮುಂದೆ ಕೂರಿಸಿ, ಎದುರು ಮನೆಯ ರುಬೀನಾ ಮತ್ತು ಅವಳ ಅತ್ತೆಯೊಂದಿಗೆ ತಾನು ಹಿಂದೆ ಸೇರಿಕೊಂಡು, ಹಳೆಯ ರೂಢಿಯಂತೆ ಡೋರು ಬಡಿದ. "ರೈಟ್, ರೈಟ್!"

ನರಸಿಂಗ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ಕಾದೇ ಕಾದ. ಕೊನೆಗೆ ನಾಗನಾಥನ ಫೋನು ಬಂತು.

"ನರಸಿಂಗ, ದ್ರೌಪತಿ ವೈನಿಗೆ ನಿದ್ದಿ ಹತ್ತೇದ. ಎಬ್ಬಸಾಕ ಮನಸ್ಸಾಗವಲ್ದು. ನಾವು ಹಂಗೇ ಮಾಣಿಕನಗರಕ್ಕ ಹೊಂಟೇವಿ. ನೀ ಬಸ್ಸಿಗೆ ಬಾ."

ಬಸ್ಸಿನಲ್ಲಿ ಸಿಕ್ಕಿದ್ದು ಕಡೆಯ ಸೀಟು. ಹುಮನಾಬಾದ್ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದು, ತಲೆ ಮೇಲಿನ ಸರಳಿಗೆ ಬಡಿದು ಬೋರೆಕಾಯಿಯಷ್ಟು ಬುಗುಟು ಎದ್ದಿತ್ತು. ಮಾಣಿಕನಗರದಲ್ಲಿ ದ್ರೌಪತಿ ಅರಳಿದ ಮುಖದಿಂದ ಎದುರು ಬಂದಳು.

"ಕಾರಂದ್ರ ಹಿಂಗಿರಬೇಕ್ರಿ! ಹಾದಿ ಸವೆದದ್ದೇ ತಿಳೀಲಿಲ್ಲ."

ನರಸಿಂಗನಿಗೆ ನೋವೆಲ್ಲ ಮರೆತುಹೋಯಿತು. ಮರಳುವಾಗ ಅವಳ ಪಕ್ಕದಲ್ಲಿ ತಾನೇ ಎಂದು ಉಂಡವನೇ ಎಲ್ಲರಿಗಿಂತ ಮೊದಲು ಹೊರಗೆ ಬಂದ. ಇರ್ಫಾನ ಆಗಲೇ ಸ್ಟೇರಿಂಗ್ ಹಿಡಿದಿದ್ದ.

"ಟ್ರಯಲ್ ಇನ್ನಾ ಮುಗಿದಿಲ್ರಿ."

ಹೋಗಲಿ, ಹಿಂದಾದರೂ ಕೂರೋಣವೆಂದು ಹೆಂಡತಿಯನ್ನು ಕರೆಯಲು ಒಳಗೆ ಹೋದ. ಅವಳು ಅಲ್ಲಿರಲಿಲ್ಲ. ಓಡಿ ಬಂದು ನೋಡಿದರೆ ಮುಂದಿನ ಸೀಟಿನಲ್ಲಿ ಕೂತು ಆಗಲೇ ಕಣ್ಣು ಮುಚ್ಚಿದ್ದಳು. ಹಿಂದೆ ರುಬೀನಾ, ಅವಳ ಅತ್ತೆ, ಕಾರಿನ ಕೀರ್ತಿ ಕೇಳಿ ಹತ್ತಿದ ದ್ರೌಪತಿಯ ಅತ್ತಿಗೆ, ಅರ್ಧ ಸೀಟಿನಲ್ಲಿ ನಾಗನಾಥ. ನರಸಿಂಗ ಡೋರಿಗೆ ಕೈ ಹಾಕಿದ.

ನಾಗನಾಥ ಕಿಟಕಿಯಿಂದ ಅಂಗೈ ಅಡ್ಡ ಹಿಡಿದ. "ಜಾಗಾ ಇಲ್ಲ! ಹಿಂದ ಬಸ್ ಬರಾಕತ್ತದ, ಪೂರಾ ಖಾಲಿ ಅದ. ರೈಟ್, ರೈಟ್!"