ಮಾವ ಮುಚ್ಚಿದ ತೂತು

ನಮ್ಮ ಸೋದರಮಾವ ಬರುತ್ತಾನೆಂದರೆ ಮನೆಯ ಕಟ್ಟಿಗೆ ಸಾಮಾನನ್ನೆಲ್ಲ ಬಚ್ಚಿಡಬೇಕು. ಕಟ್ಟಿಗೆಯಲ್ಲಿ ಒಂದು ತೂತು ಕಂಡರೆ ಸಾಕು, ಆ ಮನುಷ್ಯನಿಗೆ ಅನ್ನ ನೀರು ಬೇಡ!

ಇರಕಲ್ಲಗಡದ ಈ ಮಹಾಶಯ ಬಸ್ ಕಂಡಕ್ಟರನಾಗಿ ನಿವೃತ್ತನಾದ. ಬೇರೆಯವರಾದರೆ ಕಟ್ಟೆಗೆ ಕೂತು ಊರ ಉಸಾಬರಿ ಮಾಡುತ್ತಾರೆ. ಈತ ಮೊಬೈಲಿನಲ್ಲಿ ಯಾರೋ ಹಲಗೆಯ ಬಿರುಕಿಗೆ ಬಣ್ಣದ ರೆಸಿನ್ ಸುರಿಯುವುದನ್ನು ನೋಡಿ ಕೆಟ್ಟ. ಎರಡು ಡಬ್ಬಿಯ ದ್ರವ ಕೂಡಿಸಿ, ಬಣ್ಣ ಬೆರೆಸಿ ಹೊಯ್ದರೆ ಕಲ್ಲಿನಂತೆ ಗಟ್ಟಿಯಾಗುತ್ತದಂತೆ. ಆದರೆ ಅಳತೆ ಎಂಬುದೊಂದು ಇರುತ್ತದಲ್ಲ?

"ಅಳತಿ ಯಾಕಲೇ? ನಿಮ್ಮತ್ತಿ ಸಾರಿಗೆ ಉಪ್ಪು ಅಳದು ಹಾಕ್ತಾಳೇನು?"

ಅತ್ತೆಯ ಸಾರಿನ ಉಪ್ಪು ಉಂಡವರಿಗೇ ಗೊತ್ತು!

ಮೊದಲ ಬಲಿ ಅವರ ಮನೆಯ ಮೇಜು. ಎರಡನೇ ಡಬ್ಬಿಯದು ಕಡಿಮೆ ಬಿದ್ದು ರೆಸಿನ್ ಒಣಗಲೇ ಇಲ್ಲ. ಹುಲಿಹೈದರದಿಂದ ಬಂದ ಅತ್ತೆಯ ತಮ್ಮ ಅದರ ಮೇಲೆ ಮೊಳಕೈ ಊರಿದ. ಏಳುವಾಗ ಹೊಸ ಅಂಗಿಯ ತೋಳು ಮೇಜಿನ ಪಾಲಾಯಿತು. ಆಮೇಲೆ ಮಂಚ. ತೂತಿನ ಅಡಿಗೆ ಟೇಪು ಅಂಟಿಸುವುದನ್ನು ಮರೆತ ಪುಣ್ಯಾತ್ಮ! ಸುರಿದದ್ದೆಲ್ಲ ಕೆಳಗೆ ಸೋರಿ ಅತ್ತೆಯ ಚಪ್ಪಲಿ ನೆಲಕ್ಕೆ ಅಂಟಿದವು.

"ಬಿಡು, ಇನ್ನ ಕಳುವಾಗೂದಿಲ್ಲ," ಎಂದನಂತೆ.

ಹೀಗಿದ್ದವನು ಕುಷ್ಟಗಿಯ ನಮ್ಮ ಮನೆಗೆ ಬಂದ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವ್ವನ ಕೋಣೆಯ ಬಾಗಿಲ ಚೌಕಟ್ಟಿನಲ್ಲಿದ್ದ ಹಳೇ ತೂತು ಮಾಯ! ಬದನೆಕಾಯಿ ಬಣ್ಣ ಬಂದಿರಬೇಕೆಂದು ಕನ್ನಡಕ ಹಾಕಿ ಹುಡುಕಿದೆ. ಸಾಗವಾನಿಗೆ ಸಾಗವಾನಿಯದೇ ಬಣ್ಣ, ಸವರಿದರೆ ಗಾಜಿನ ನುಣುಪು.

"ಛಲೋ ಆಗೇತ್ರಿ ಮಾವಾ," ಎಂದುಬಿಟ್ಟೆ. ಮಾವ ಅದರ ಫೋಟೋ ಹಿಡಿದು ತಾವರಗೇರಾದ ಬೀಗರವರೆಗೆ ಎಲ್ಲರಿಗೂ ಕಳಿಸಿದ.

ಮರುದಿನ ಬೆಳಿಗ್ಗೆ ಅವ್ವ ಸ್ನಾನ ಮುಗಿಸಿ ಬಂದವಳು ಪಡಸಾಲೆಯಲ್ಲಿ ಚೌಕಟ್ಟು ಸವರುತ್ತ ನಿಂತಿದ್ದಳು. ಆಕೆಯ ಕಣ್ಣು ಹೆಚ್ಚುಕಡಿಮೆ ಹೋಗಿವೆ.

"ಯಾಕವಾ, ನಿಂತಿಯಲ್ಲ?"

"ನನ್ನ ಬಾಗಿಲಾ ಎಲ್ಲಿ ಹೋತೋ? ತೂತು ಕೈಗೆ ಸಿಗವಲ್ದು..."

ದನಿಯಲ್ಲಿ ಅಂಜಿಕೆಯಿತ್ತು. ಸಾಲಾಗಿರುವ ಬಾಗಿಲುಗಳಲ್ಲಿ ತನ್ನದು ಯಾವುದೆಂದು ಆಕೆ ಆ ತೂತಿಗೆ ಬೆರಳಿಟ್ಟು ಗುರುತಿಸುತ್ತಿದ್ದಳು. ಅದು ನಮಗಾರಿಗೂ ಗೊತ್ತಿರಲಿಲ್ಲ.

ಮಾವ ಚಹಾದ ಲೋಟ ಕೆಳಗಿಟ್ಟ. ಚೀಲದಿಂದ ಉಳಿ, ಸುತ್ತಿಗೆ ತೆಗೆದ. ಜನ್ಮದಲ್ಲಿ ನೆಟ್ಟಗೆ ಬಂದಿದ್ದ ಒಂದೇ ಒಂದು ಕೆಲಸವನ್ನು ಕೂತು ಒಡೆಯತೊಡಗಿದ. ಗಟ್ಟಿಯಾಗಿಯೇ ಕೂತಿತ್ತು ದರಿದ್ರದ್ದು! ಮುಗಿಯುವಷ್ಟರಲ್ಲಿ ಅಂಗಿ ಬೆವರಿಗೆ ತೊಯ್ದಿತ್ತು.

"ಯಕ್ಕಾ, ಬೆರಳು ಹಾಕಿ ನೋಡು."

ಅವ್ವ ಬೆರಳಿಟ್ಟು ತಿರುವಿದಳು. ಮುಖ ಅರಳಿತು. "ಮೊದಲಿಗಿಂತ ದೊಡ್ಡದು ಮಾಡಿಯಲ್ಲೋ ತಮ್ಮಾ!"

"ತೂತು ಅಷ್ಟಾ ಐತಿ. ನಿನ್ನ ಬೆರಳ ಸಣ್ಣ ಆಗ್ಯಾವ," ಎಂದ ಮಾವ. ಹಾಗೆಂದವನು ಅಕ್ಕನ ಕೈಯನ್ನು ಎಷ್ಟು ಹೊತ್ತಾದರೂ ಬಿಡಲಿಲ್ಲ.