ಡೆಲ್ಲಾ ಸಕ್ಕರೆಯನ್ನು ಗಡಿಪಾರು ಮಾಡಿದ್ದು

"ಇವತ್ತಿಂದ ಈ ಮನೆ ಚಹಾಕ್ಕೆ ಒಂದು ಹರಳು ಸಕ್ಕರೆನೂ ಬೀಳಕೂಡದು!"

ಡೆಲ್ಲಾ ಸೌಟು ಎತ್ತಿ ಸಾರಿದಳು. ಅತ್ತೆ ಓಪಲ್ ಬೀನ್ಸ್ ಮುರಿಯುತ್ತಿದ್ದ ಕೈಯನ್ನೂ ನಿಲ್ಲಿಸಲಿಲ್ಲ.

"ನಮ್ಮ ಅಲಬಾಮಾದಲ್ಲಿ ಸಿಹಿ ಇಲ್ಲದ ಐಸ್ ಚಹಾ ಯಾರಿಗೆ ಕೊಡ್ತಾರೆ ಗೊತ್ತೇನೇ? ಬೇಗ ಎದ್ದುಹೋಗ್ಲಿ ಅನ್ನೋ ನೆಂಟರಿಗೆ!"

ಡೆಲ್ಲಾ ಜಗ್ಗಲಿಲ್ಲ. ಗಂಡ ರಾಯ್ಸ್‌ನ ರಕ್ತದ ಸಕ್ಕರೆ ಗಡಿ ಮುಟ್ಟಿದೆ ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಅವನಪ್ಪ ಇದೇ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ಅವರ ಬೂಟಿನ ಜೋಡಿ ಇನ್ನೂ ಹಿಂಬಾಗಿಲಲ್ಲೇ ಇತ್ತು. ಒಂದು ಸವೆದದ್ದು, ಒಂದು ಹೊಸತರ ಹಾಗೆ. ಅದರ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಸಕ್ಕರೆ ಡಬ್ಬಿ ಪಕ್ಕದ ಮನೆ ಸೇರಿತು. ಸಪ್ಪೆ ಚಹಾದ ಜಗ್ಗಿನ ಬಾಯಿಗೆ ಗುರುತಿಗೊಂದು ನಿಂಬೆ ಹೋಳು ಏರಿತು. ಮೊದಲ ಗುಟುಕಿಗೇ ರಾಯ್ಸ್‌ನ ಮುಖ ಹರಳೆಣ್ಣೆ ಕುಡಿದ ಮಗುವಿನಂತಾಯಿತು. ಡೆಲ್ಲಾಳಿಗೆ ಅಯ್ಯೋ ಅನ್ನಿಸಿತು. ಪಾಪ, ಬದಲಿಗೆ ಏನಾದರೂ ಕೊಡಬೇಡವೇ? ಹೊತ್ತು ಹೊತ್ತಿಗೂ ದೊಡ್ಡ ಲೋಟದ ತುಂಬ ಕಿತ್ತಳೆ ರಸ ಕೊಟ್ಟಳು. ಹಣ್ಣು ತಾನೇ! ಬಾಟಲಿಯ ಮೇಲೇ ಬರೆದಿತ್ತಲ್ಲ, 'ಸಕ್ಕರೆ ಸೇರಿಸಿಲ್ಲ' ಎಂದು!

ಊಟವಾದ ಎರಡು ಗಂಟೆಯ ನಂತರ ಗಂಡನ ಬೆರಳು ಚುಚ್ಚಿ, ಸಕ್ಕರೆ ಅಳೆಯುವ ಯಂತ್ರ ತೋರಿಸಿದ್ದನ್ನು ದಿನಚರಿಯಲ್ಲಿ ಬರೆದಳು. ಸೋಮವಾರ ನೂರೈವತ್ತು. ಬುಧವಾರ ನೂರ ಅರವತ್ತೆಂಟು. ಶುಕ್ರವಾರ ನೂರ ಎಂಬತ್ತು!

ಸಕ್ಕರೆ ಮನೆ ಬಿಟ್ಟು ಹೋಗಿ ಗಂಡನ ರಕ್ತದಲ್ಲೇ ಬಿಡಾರ ಹೂಡಿತೇ? ಡೆಲ್ಲಾಳಿಗೆ ತಲೆಬುಡ ತಿಳಿಯಲಿಲ್ಲ. ದಿನಚರಿಯನ್ನು ತಿರುಗಿಸಿ, ತಲೆಕೆಳಗೆ ಹಿಡಿದೂ ನೋಡಿದಳು.

"ಬಾಯಿ ತೆಗಿ. ಉಸಿರು ಬಿಡು. ಎಲ್ಲಿ ಕದ್ದು ಕುಡಿದೆ?"

"ನೀನು ಕೊಟ್ಟಿದ್ದು ಬಿಟ್ಟು ಹನಿ ನೀರೂ ಕುಡಿದಿಲ್ಲ ಮಾರಾಯ್ತಿ!"

ಹಾಗಾದರೆ ಅತ್ತೆಯದೇ ಕೈವಾಡ! ಹಿಟ್ಟಿನ ಡಬ್ಬ, ಹೊಲಿಗೆ ಬುಟ್ಟಿ, ಕೊನೆಗೆ ಅತ್ತೆ ಚರ್ಚಿಗೆ ಹಾಕುವ ಹ್ಯಾಟಿನ ಪೆಟ್ಟಿಗೆಯನ್ನೂ ಡೆಲ್ಲಾ ಶೋಧಿಸಿದಳು. ಬಾಗಿಲಲ್ಲಿ ಓಪಲ್ ನಿಂತಿದ್ದರು.

"ಸಿಕ್ತೇನಮ್ಮ, ಪೊಲೀಸಮ್ಮ?"

ಉಳಿದ ಅಪರಾಧಿ ಯಂತ್ರ ಒಂದೇ. ಅದು ಕೆಟ್ಟಿದೆ ಎಂದು ಸಾಬೀತು ಮಾಡಲು ಡೆಲ್ಲಾ ತನ್ನ ಬೆರಳನ್ನೇ ಚುಚ್ಚಿಕೊಂಡಳು. ಮುನ್ನೂರ ಹನ್ನೆರಡು!

"ರಾಯ್ಸ್! ನಾನು ಸಾಯ್ತೀನಿ! ಜೂನಿಗೆ ಜಡೆ ಹಾಕೋದನ್ನ ಈಗ್ಲೇ ಕಲ್ತುಕೋ!"

ನಾಲ್ಕು ವರ್ಷದ ಮಗಳು ಜೂನಿ ಜಡೆ ಹಿಡಿದುಕೊಂಡು ಮೇಜಿನಡಿಗೆ ಓಡಿದಳು. ರಾಯ್ಸ್ ಪಕ್ಕದ ಮನೆಯ ನರ್ಸ್ ಬರ್ನೀಸಕ್ಕನನ್ನು ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಎಳೆತಂದ. ಆಕೆ ಡೆಲ್ಲಾಳ ಬೆರಳು ಮುಟ್ಟಿ ನೋಡಿದಳು. ಅಂಟಂಟು.

"ಮೊದಲು ಸೋಪು ಹಾಕಿ ಕೈ ತೊಳೆದು ಬಾ."

ತೊಳೆದು ಚುಚ್ಚಿದರೆ ನೂರೈವತ್ತೆರಡು.

"ಬೆರಳಿಗೆ ಅಂಟಿದ್ದು ತೊಳೆದ್ರೆ ಹೋಯ್ತು. ಒಳಗೆ ಹೋಗಿದ್ದು? ಏನು ಕುಡಿದೆ?"

"ಏನಿಲ್ಲಕ್ಕ. ಜೂನಿ ಅರ್ಧಕ್ಕೆ ಬಿಟ್ಟ ಜ್ಯೂಸ್ ಡಬ್ಬಿ... ಎಸೆಯೋಕೆ ಮನಸ್ಸು ಬರಲ್ಲ..."

"ದಿನಕ್ಕೆಷ್ಟು?"

"ನಾಲ್ಕೈದು. ಆದ್ರೆ ಅದು ಹಣ್ಣಲ್ವಾ?"

"ಒಂದು ಲೋಟಕ್ಕೆ ನಾಲ್ಕು ಕಿತ್ತಳೆ ಬೇಕು. ನಾರು ಬಾಟಲಿಯವರು ಎಸೀತಾರೆ, ಸಕ್ಕರೆ ನೀವು ಕುಡೀತೀರಿ. ಸಿಹಿ ಸೋಡಾಕ್ಕೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸ ಇಲ್ಲ ತಾಯಿ! ಹಣ್ಣು ಬೇಕಂದ್ರೆ ಸುಲಿದು ತಿನ್ನಿ."

ಡೆಲ್ಲಾ ಹ್ಯಾಟಿನ ಪೆಟ್ಟಿಗೆಯ ಕಡೆ ನೋಡಲಾರದೆ ನೆಲ ನೋಡಿದಳು.

"ಡಾಕ್ಟರು ಹೇಳಿದ ದಿನದಿಂದ ನಾನು ಚಹಾದ ಸಕ್ಕರೇನ ದಿನಕ್ಕೊಂದು ದೊಡ್ಡ ಚಮಚ ಕಡಿಮೆ ಮಾಡ್ತಾ ಬಂದೆ," ಎಂದರು ಓಪಲ್, ಬೂಟುಗಳ ಕಡೆ ಕಣ್ಣು ಹಾಯಿಸಿ. "ಜಗ್ಗಿಗೆ ಎರಡು ಬಟ್ಟಲು ಇದ್ದದ್ದು ಎರಡೇ ಚಮಚಕ್ಕೆ ಇಳಿದಿತ್ತು. ಇವನ ನಾಲಿಗೆಗೇ ಗೊತ್ತಾಗಿರ್ಲಿಲ್ಲ. ಅಷ್ಟರಲ್ಲಿ ನಿನ್ನ ಕ್ರಾಂತಿ ಬಂತು."

ಹೇಳುತ್ತಲೇ ನಿಂಬೆ ಹೋಳಿನ ಜಗ್ಗಿನಿಂದ ಒಂದು ಲೋಟ ಬಗ್ಗಿಸಿ ಸೊಸೆಯ ಮುಂದಿಟ್ಟರು.

"ಬೇಗ ಎದ್ದುಹೋಗ್ಲಿ ಅಂತನಾ ಅತ್ತೆ?"

"ಅಲ್ಲ ಕಣೇ. ಬಹಳ ದಿನ ಇರ್ಲಿ ಅಂತ. ಆ ಹ್ಯಾಟೆಲ್ಲ ವಾಪಸ್ ಜೋಡಿಸೋರು ಯಾರು?"