ಪುಟ್ಟ ಬೆರಳುಗಳ ಕೆಲಸ, ನನ್ನೆದೆಯ ಡವಡವ

ಮೂರು-ನಾಲ್ಕು ವರ್ಷದ ಮಕ್ಕಳ ಬೆರಳಿಗೆ ಚುರುಕು ಕಲಿಸೋದು ನನ್ನ ಕೆಲಸವಾಗಿತ್ತು. ಆ ಬೆರಳುಗಳು ಚುರುಕಾದಷ್ಟೂ ನನಗೆ ಹೆದರಿಕೆ ಜಾಸ್ತಿಯಾಗುತ್ತಿತ್ತು. ಹೆದರದ ದಿನವೇ ನೆನಪಿಲ್ಲ.

ಎಪ್ಪತ್ತರ ದಶಕದ ಕೊನೆ. ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಅಲ್ಲಿ ಕೆಲಸ ಮಾಡುವವರ ಮಕ್ಕಳಿಗಾಗಿ ನಾನೊಂದು ಶಿಶುವಿಹಾರ ಶುರು ಮಾಡಿದ್ದೆ. ಹಳೇ ಊರಿನ ರೈತರೊಬ್ಬರ ಮನೆಯ ಮುಂದಿನ ಕೋಣೆ, ಹದಿನಾಲ್ಕು ಮಕ್ಕಳು, ಒಬ್ಬಳೇ ನಾನು. ಸ್ಲೇಟು ಬಳಪ ಹಿಡಿಯೋಕೆ ಮುಂಚೆ ಬೆರಳು ಪಳಗಬೇಕು ಅಂತ ಕಾಳು ಆರಿಸೋದು, ಮಣ್ಣಿನ ಬೊಂಬೆ ಮಾಡೋದು, ಕಾಗದ ಕತ್ತರಿಸೋದು ಎಲ್ಲ ಮಾಡಿಸುತ್ತಿದ್ದೆ. ನಾನೋ ಹುಟ್ಟಾ ಪುಕ್ಕಲಿ. ಕಾರ್ಖಾನೆ ಸೈರನ್ ಕೂಗಿದರೆ ಮಕ್ಕಳಿಗಿಂತ ಮೊದಲು ನಾನೇ ಬೆಚ್ಚುತ್ತಿದ್ದೆ.

ಒಂದು ಕಾಳು ಕಮ್ಮಿ

ಪ್ರತಿ ಮಗುವಿಗೂ ಹತ್ತು ಕಡಲೆಕಾಳು. ಎರಡೇ ಬೆರಳಲ್ಲಿ ಹಿಡಿದು ಸೀಸೆಗೆ ಹಾಕಬೇಕು. ಕೊನೆಗೆ ನಾನು ತಪ್ಪದೆ ಎಣಿಸುತ್ತಿದ್ದೆ. ಒಂದು ದಿನ ಒಬ್ಬನ ಸೀಸೆಯಲ್ಲಿ ಒಂಬತ್ತೇ ಇತ್ತು.

"ಇನ್ನೊಂದೆಲ್ಲೋ ಮರಿ?"

"ಮೂಗಲ್ಲಿ ಮಿಸ್."

ಕಾಳು ಒಳಗೇ ಊದಿಕೊಂಡರೆ? ಉಸಿರು ಕಟ್ಟಿದರೆ? ಉಳಿದ ಮಕ್ಕಳನ್ನು ಮನೆ ಒಡತಿ ಅಜ್ಜಿಗೆ ಒಪ್ಪಿಸಿ, ಅವನನ್ನು ಸೊಂಟಕ್ಕೇರಿಸಿಕೊಂಡು ಲಾರಿಗಳ ಮಧ್ಯೆ ಡಾಕ್ಟರ ಹತ್ತಿರ ಓಡಿದೆ. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಡಾಕ್ಟರು ಟಾರ್ಚು ಬಿಟ್ಟು ಎರಡೂ ಹೊಳ್ಳೆ ನೋಡಿದರು. ಕಿವಿ ನೋಡಿದರು, ಬಾಯಿ ನೋಡಿದರು. ಏನೂ ಇಲ್ಲ.

"ಶ್ವಾಸಕೋಶಕ್ಕೇ ಹೋಗ್ಬಿಟ್ಟಿದೆ ಡಾಕ್ಟ್ರೇ!" ಅಂತ ನಾನು ಅಳೋಕೇ ಶುರು ಮಾಡಿದೆ.

ಡಾಕ್ಟರು ಸಮಾಧಾನವಾಗಿ ಹುಡುಗನನ್ನು ಕೇಳಿದರು, "ಯಾವ ಕಡೆ ಮೂಗಲ್ಲಿ ಹಾಕ್ದೆ ಪುಟ್ಟಾ?"

"ನನ್ ಮೂಗಲ್ಲಲ್ಲ. ನಾನು ಮಾಡಿದ್ನಲ್ಲ, ಮಣ್ಣಿನ ಆನೆ, ಅದ್ರ ಮೂಗಲ್ಲಿ."

ಡಾಕ್ಟರು ಟಾರ್ಚನ್ನು ನನ್ನ ಮುಖಕ್ಕೆ ತಿರುಗಿಸಿ, "ಅವನಿಗೇನೂ ಆಗಿಲ್ಲ. ನೀವು ಕೂತ್ಕೊಳ್ಳಿ, ನಿಮ್ಮ ಬಿ.ಪಿ. ನೋಡೋಣ" ಅಂದರು.

ಕತ್ತರಿ ಎಲ್ಲಿ?

ಮೊಂಡು ಕತ್ತರಿಗಳನ್ನೇ ತಂದಿದ್ದೆ. ಆದರೂ ಮಕ್ಕಳು ಅದನ್ನು ಹಿಡಿದಷ್ಟು ಹೊತ್ತೂ ನನಗೆ ಉಸಿರಾಡಲು ಭಯ. ಒಂದು ಬೆಳಿಗ್ಗೆ ವಾಪಸ್ ಎಣಿಸಿಕೊಂಡರೆ ಒಂದು ಕತ್ತರಿ ಇಲ್ಲ. ಜೊತೆಗೆ ಒಬ್ಬಳು ಹುಡುಗಿಯೂ ಇಲ್ಲ!

ಹಿತ್ತಿಲಲ್ಲಿಲ್ಲ, ದನದ ಕೊಟ್ಟಿಗೆಯಲ್ಲಿಲ್ಲ. ಬಾವಿಕಟ್ಟೆಗೆ ಹೋಗಿ ಕಣ್ಣು ಮುಚ್ಚಿಕೊಂಡು ಬಗ್ಗಿದೆ, ಆಮೇಲೆ ಕಣ್ಣು ಬಿಟ್ಟೆ. ಸದ್ಯ, ಅಲ್ಲೂ ಇಲ್ಲ. ಮುಂದಿನ ಜಗಲಿಗೆ ಬಂದರೆ ಅಜ್ಜಿ ಕಂಬಕ್ಕೆ ಭುಜವೊರಗಿಸಿ ನಿದ್ದೆ ಹೋಗಿದ್ದಾರೆ, ತಲೆಸ್ನಾನ ಮಾಡಿದ ಕೂದಲು ಬೆನ್ನ ತುಂಬ ಹರಡಿದೆ. ಬೆನ್ನ ಹಿಂದೆ ಕೂತ ಹುಡುಗಿಯ ತಲೆ ಮಾತ್ರ ಕಾಣುತ್ತಿದೆ. ಕಚಕ್... ಕಚಕ್... ಅಂತ ಸದ್ದು ಬೇರೆ!

ಮುಗೀತು, ಇವತ್ತೇ ಮನೆ ಖಾಲಿ ಮಾಡಿಸ್ತಾರೆ ಅಂದುಕೊಂಡೆ. ಕೂಗಿದರೆ ಕತ್ತರಿ ಕುತ್ತಿಗೆಗೇ ಹೋದೀತೆಂದು ತುದಿಗಾಲಲ್ಲಿ ಹೋಗಿ ಹುಡುಗಿಯತ್ತ ಕೈ ಚಾಚಿದೆ. ಅಷ್ಟರಲ್ಲಿ ಅಜ್ಜಿ ಕಣ್ಣು ಬಿಟ್ಟರು.

"ಯಾಕ್ ಟೀಚರಮ್ಮ, ಇಂಗ್ ನಡುಗ್ತೀಯ?"

"ಅಜ್ಜಿ, ನಿಮ್ಮ ಕೂದಲು..."

"ಕೂದ್ಲಿಗೇನಾಯ್ತು? ಉಳ್ಳಿಕಾಯಿ ಕತ್ತರಿಸ್ತಾ ಅವ್ಳೆ, ನೋಡು."

ಮೊರದ ತುಂಬ ಹುರುಳಿಕಾಯಿ ಚೂರುಗಳು, ಅಳತೆ ಮಾಡಿದಂತೆ ಒಂದೇ ಸಮ. ನನಗೆ ಹೋದ ಜೀವ ಬಂತು. ಅಜ್ಜಿ ಗಂಭೀರವಾಗಿ ಹೇಳಿದರು:

"ಶಾನೆ ಚೆಂದಾಗ್ ಕಲ್ಸಿದ್ದೀಯ ಕಣವ್ವ. ನಾಳೆಗೆ ಎರಡು ಸೇರು ಅವರೆಕಾಳು ನೆನೆ ಆಕಿವ್ನಿ, ಸಿಪ್ಪೆ ಇಸುಕಬೇಕು. ಎಲ್ಲಾರ್ನೂ ಕಳ್ಸು."

ಇನ್ಸ್‌ಪೆಕ್ಟರು ಕೂತ ಕುರ್ಚಿ

ಮಗುವೊಂದರ ತಂದೆ ಕಾರ್ಖಾನೆಯಲ್ಲಿ ಫಿಟ್ಟರ್. ಅವರು ಒಂದು ಡಬ್ಬ ನಟ್ಟು-ಬೋಲ್ಟು ತಂದುಕೊಟ್ಟು, "ಬೆರಳಿಗೆ ಇದಕ್ಕಿಂತ ಒಳ್ಳೇ ಕಸರತ್ತಿಲ್ಲ ಮೇಡಂ" ಅಂದರು. ನಿಜ. ಅವರ ಮಗಳಂತೂ ಎರಡೇ ದಿನದಲ್ಲಿ ಡಬ್ಬದಲ್ಲಿದ್ದುದನ್ನೆಲ್ಲ ಬಿಚ್ಚಿ ಹಾಕಿದಳು.

ಅದೇ ವಾರ ಸ್ಕೂಲ್ ಇನ್ಸ್‌ಪೆಕ್ಟರು ಬಂದರು. ಅವರು ಒಪ್ಪಿದರೆ ಶಿಶುವಿಹಾರಕ್ಕೆ ಪರವಾನಗಿ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ದಪ್ಪ ಮೀಸೆ, ದಪ್ಪ ದೇಹ. ಇದ್ದ ಒಂದೇ ಕಬ್ಬಿಣದ ಕುರ್ಚಿಯಲ್ಲಿ ಕೂತು ಹಾಜರಿ ಪುಸ್ತಕ ತಿರುವುತ್ತಿದ್ದರು. ಆಗ ಕುರ್ಚಿಯ ಹಿಂದಿನಿಂದ ಫಿಟ್ಟರ್ ಮಗಳು ಎದ್ದು ಬಂದು, ನಗುತ್ತಾ ಅಂಗೈ ತೋರಿಸಿದಳು. ನಾಲ್ಕು ನಟ್ಟು!

ಇನ್ಸ್‌ಪೆಕ್ಟರ ಭಾರಕ್ಕೇ ಬೋಲ್ಟುಗಳು ಕಚ್ಚಿಕೊಂಡು ಕುರ್ಚಿ ನಿಂತಿತ್ತು.

"ಸಾರ್, ದಯವಿಟ್ಟು ಅಲ್ಲಾಡ್ಬೇಡಿ" ಅಂದೆ.

"ಯಾಕ್ರೀ, ಹಾವೇನ್ರೀ?" ಅಂತ ಕಿರುಚಿ ಅವರು ಒಂದೇ ನೆಗೆತಕ್ಕೆ ಬಾಗಿಲಲ್ಲಿದ್ದರು. ಹಿಂದೆ ಕುರ್ಚಿ ದಡಾರನೆ ಬಿಡಿಬಿಡಿಯಾಗಿ ಬಿತ್ತು.

ನಾನು ಮನಸ್ಸಿನಲ್ಲೇ ಬಾಗಿಲಿಗೆ ಬೀಗ ಹಾಕಿ ಆಗಿತ್ತು. ಅವರು ನಿಧಾನವಾಗಿ ಬಂದು, ಹುಡುಗಿಯ ಅಂಗೈ ನೋಡಿದರು.

"ನೀನೇ ಬಿಚ್ಚಿದ್ದಾ? ಸ್ಪ್ಯಾನರ್ ಇಲ್ದೆ?"

"ಬೆರಳಲ್ಲೇ ಸಾರ್."

ಇನ್ಸ್‌ಪೆಕ್ಟರ ಮೀಸೆ ಅಲುಗಿತು. ನಕ್ಕರೋ ಬಿಟ್ಟರೋ ಗೊತ್ತಾಗಲಿಲ್ಲ. ನಿಂತೇ ವರದಿ ಬರೆದರು: "ಮಕ್ಕಳ ಬೆರಳುಗಳಿಗೆ ಉತ್ತಮ ತರಬೇತಿ ಸಿಕ್ಕಿರುವುದನ್ನು ಖುದ್ದಾಗಿ ಅನುಭವಿಸಿದ್ದೇನೆ. ಪರವಾನಗಿ ನೀಡಬಹುದು."

ನನಗೆ ಕಣ್ಣಲ್ಲಿ ನೀರೇ ಬಂತು. ಅವರು ಪೆನ್ನು ಜೇಬಿಗಿಟ್ಟು, ಹುಡುಗಿಯ ತಲೆ ಸವರಿ, "ಜಾಣೆ! ಈಗ ಅದನ್ನ ವಾಪಸ್ ಹಾಕಿಬಿಡಮ್ಮ, ಸ್ವಲ್ಪ ಕೂತ್ಕೋತೀನಿ" ಅಂದರು.

ಹುಡುಗಿ ನಟ್ಟುಗಳನ್ನು ಬಿಗಿಯಾಗಿ ಮುಷ್ಟಿಯಲ್ಲಿಟ್ಟುಕೊಂಡಳು.

"ಆಗಲ್ಲ ಸಾರ್. ಈ ವಾರ ಬಿಚ್ಚೋದು ಮಾತ್ರ. ಹಾಕೋದು ಮುಂದಿನ ವಾರ ಹೇಳ್ಕೊಡ್ತಾರೆ."